ನೆರಳಿನಲ್ಲಿತ್ತು ಎಂದೆ

ಈಗ ಪಾಳುಬಿದ್ದಿರುವ ನಮ್ಮ ಮನೆಯಲ್ಲಿ ಆಗ ನಾಯಿ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೆ ಲಿಂಗಪೂಜೆ ನಡೆಯುತ್ತಿತ್ತು. ಹಗಲು ಕಟ್ಟದೆ ಬಿಟ್ಟರೆ ಊರ ಕೋಳಿ ಹಿಡಿಯುತ್ತಿತ್ತು. ಹಾಗಾಗಿ ಬೇಸಿಗೆಯಲ್ಲಿ ಅದನ್ನು ಅಂಗಳದ ಬಂಡಿಯ ಕೆಳಗೆ ಅಚ್ಚಿಗೆ ಕಟ್ಟಿ, ತೋಯಿಸಿದ ಗೋಣಿತಟ್ಟು ಹಾಸಿ, ಒಡಕು ಗಡಿಗೆಯಲ್ಲಿ ನೀರಿಡುತ್ತಿದ್ದೆವು. ಬಂಡಿ ಹೂಡಿದ ದಿನ ನೆರಳೂ ಬಂಡಿಯ ಸಂಗಡ ಹೋಗುತ್ತಿತ್ತು. ಆಗ ಹಿತ್ತಲ ಬೇವಿನ ಬುಡಕ್ಕೆ ಒಯ್ದು ಕಟ್ಟಬೇಕು.

ಎರಡನೇ ಮಹಾಯುದ್ಧದ ಕಾಲದ ಒಂದು ಬೇಸಿಗೆ. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಹದಿಮೂರರ ಹುಡುಗಿ. ನಾಯಿ ನನ್ನದಲ್ಲ, ಎಂಟು ವರ್ಷದ ತಂಗಿಯದು. ಅವಳು ಅವ್ವನ ಸಂಗಡ ಹುಣಸೆ ಆರಿಸಲು ಹೋಗಿದ್ದಳು. ಅಪ್ಪ ಬಂಡಿ ಹೂಡುವಾಗ ನಾಯಿಯನ್ನು ಅಂಗಳದ ಗೂಟಕ್ಕೆ ಕಟ್ಟಿ, ಈಗಲೇ ಬೇವಿನ ಕೆಳಗೆ ಒಯ್ಯಿ ಎಂದು ನನಗೆ ಹೇಳಿ ಹೋದ. ಅಷ್ಟರಲ್ಲಿ ಬಳೆಗಾರ್ತಿ ಪಕ್ಕದ ಮನೆಗೆ ಬಂದಳೆಂಬ ಸುದ್ದಿ ಬಂತು. ಆ ದಿನಗಳಲ್ಲಿ ಬಳೆ ಸಿಗುವುದೇ ಕಷ್ಟ. ಓಡಿದೆ.

ನನ್ನ ಸರದಿ ಬರಲು ಮಧ್ಯಾಹ್ನ ತಿರುಗಿತು. "ಕೈ ಸಡ್ಲ ಬಿಡವಾ, ಗಂಡನ ಮನ್ಯಾಗ ಹಿಂಗ ಬಿಗದ್ರ ಅತ್ತಿ ಬಿಟ್ಟಾಳೇನು?" ಎಂದಳು ಬಳೆಗಾರ್ತಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮನೆಗೆ ಬಂದಾಗ ನಾಯಿಯ ಬಾಯಿಂದ ನೊರೆ ಇಳಿಯುತ್ತಿತ್ತು. ಗಡಿಗೆ ಉರುಳಿ ಒಣಗಿತ್ತು. ಬೇವಿನ ಕೆಳಗೆ ಎಳೆದೊಯ್ದು ಕಟ್ಟಿ ನೀರಿಟ್ಟೆ. ಅದು ಮುಖ ತಿರುಗಿಸಿತು, ಕಾಲು ತೂರಾಡಿ ಬಿತ್ತು. ಆ ಹೊತ್ತಿಗೆ ತಂಗಿ ಬಂದು, ಅಂಗೈಯಲ್ಲಿ ನೀರು ತುಂಬಿ ಅದರ ಬಾಯಿಗೆ ತುರುಕಿದಳು. ಹಲ್ಲು ತಾಗಿ ಅವಳ ಬೆರಳಿಂದ ರಕ್ತ ಬಂತು.

ಓಣಿಯ ಹಿರಿಯರೊಬ್ಬರು ನೋಡಿ, ನೀರಿಗೆ ಅಂಜುತ್ತದೆ, ಹುಚ್ಚು ಹಿಡಿದಿದೆ ಎಂದರು. ಬಡಿಗೆಗಳು ಬಂದವು. ಅಪ್ಪನೂ ಅಷ್ಟರಲ್ಲಿ ಬಂದಿದ್ದ. ಎಲ್ಲರನ್ನೂ ತಡೆದು ನನ್ನನ್ನೇ ಕೇಳಿದ.

"ಬಿಸಲು ಬಡದಿದ್ರ ಹೊಟ್ಟಿ ಮ್ಯಾಲೆ ನೀರ ಹಾಕೂಣು, ಉಳದೀತು. ಖರೇ ಹೇಳು, ಎಲ್ಲಿ ಕಟ್ಟಿದ್ದಿ?"

ಹೊಸ ಬಳೆಯ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನೆಳ್ಳಾಗ ಇತ್ತಪ್ಪಾ," ಎಂದೆ.

ಬೇವಿನ ಬುಡದಲ್ಲೇ ಬಡಿದು ಕೊಂದರು.

ತಂಗಿಗೆ ಹಲ್ಲು ತಾಗಿತ್ತಲ್ಲ, ಹುಬ್ಬಳ್ಳಿಗೆ ಒಯ್ದರು. ಹೊಟ್ಟೆಗೆ ಹದಿನಾಲ್ಕು ಸೂಜಿ, ದಿನಕ್ಕೊಂದು. ಸೋದರಮಾವನ ಮನೆಯಲ್ಲಿ ಇಳಿದೆವು. ಅವ್ವ ಅವಳ ಕೈ ಹಿಡಿಯುವುದು, ನಾನು ಕಾಲು ಹಿಡಿಯುವುದು. ನಾನು ಒಂದು ಮಾತು ಹೇಳಿದ್ದರೆ ಅವತ್ತೇ ಊರಿಗೆ ಮರಳಬಹುದಿತ್ತು. ದಿನಾ ಬೆಳಿಗ್ಗೆ ಹೇಳಬೇಕೆಂದು ಏಳುತ್ತಿದ್ದೆ. ದಿನಾ ಕಾಲು ಹಿಡಿದೆ.

ಒಂಬತ್ತನೆಯ ದಿನ ಅವಳ ಹೊಟ್ಟೆ ಬಾತು ಗಟ್ಟಿಯಾಗಿತ್ತು. ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು: "ಅಕ್ಕಾ, ನನಗ ಹುಚ್ಚ ಹಿಡದ್ರ ನನ್ನೂ ಹಂಗ ಬಡೀತಾರೇನ?"

ಸುಮ್ಮನಿರು ಎಂದು ಗದರಿಸಿದೆ. ಉಳಿದ ಐದನ್ನೂ ಅವಳು ಅಳದೆ ತಗೊಂಡಳು.

ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ಬೇಸಿಗೆಯಲ್ಲಿ ಬೀದಿನಾಯಿಯೊಂದು ನಾಲಿಗೆ ಚಾಚಿ ನೆರಳಿಗೆ ಬಂದರೂ ಕಲ್ಲು ಎತ್ತುತ್ತಾಳೆ. ತಾನು ಸಾಕಿದ ನಾಯಿಯೇ ತನ್ನನ್ನು ಕಡಿಯಿತೆಂದು ಮಕ್ಕಳಿಗೆ ಹೇಳುತ್ತಾಳೆ; ಹೌದಲ್ಲ ಅಕ್ಕಾ ಎಂದು ನನ್ನ ಕಡೆ ನೋಡುತ್ತಾಳೆ. ಹೌದು ಎನ್ನುತ್ತೇನೆ.