ಬೊಂಬಾಯಿಗೆ ಮೂರೇ ಗಂಟೆ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಸಲ ವಿಮಾನ ಹತ್ತಿದ್ದರು, ಮಂಗಳೂರಿನ ಹತ್ತಿರದ ಬಜ್ಪೆಯಿಂದ ಬೊಂಬಾಯಿಗೆ. ಆಮೇಲೆ ನೆರಿಯ ಹಳ್ಳಿಯ ನಮ್ಮ ಮನೆಯಲ್ಲಿ ನಮಗೆ ಅದೇ ಪುರಾಣ. ಮೂಡಬಿದ್ರೆಯ ಮದುವೆಗೆ ಹೋಗಿ ಬಂದವರು ದಣಿವಾಯಿತೆಂದರೆ ಸಾಕು, "ಅಷ್ಟು ಹೊತ್ತಿಗೆ ನಾನು ಬೊಂಬಾಯಿಗೆ ಮುಟ್ಟಿ ಚಾ ಕುಡಿದಾಗಿತ್ತು" ಎನ್ನುತ್ತಿದ್ದರು. ವಿಮಾನದಲ್ಲಿ ಕಿವಿಗಿಡಲು ಕೊಟ್ಟ ಹತ್ತಿಯನ್ನು ಜೋಪಾನವಾಗಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ದಾರಿಯುದ್ದಕ್ಕೂ ವಾಂತಿ ಮಾಡಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ಅದನ್ನು ಹೇಳಿ ನಮ್ಮನ್ನು ನಗಿಸಿದ್ದು ನನ್ನ ಅಣ್ಣ. ಅಲ್ಲಿ ಅವರನ್ನು ಕರೆದೊಯ್ಯಲು ಬಂದಿದ್ದವನು ಅವನೇ.

ಅಣ್ಣ ಬೊಂಬಾಯಿಯ ಬಟ್ಟೆ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ. ಒಂದು ಆಟಿ ತಿಂಗಳ ಮಳೆಗಾಲದಲ್ಲಿ ಅಮ್ಮ ಜ್ವರದಿಂದ ಮಲಗಿದವಳು ಏಳಲಿಲ್ಲ. ಗಂಜಿಯೂ ಒಳಗಿಳಿಯದಾದಾಗ ಅವಳು ಕೇಳಿದ್ದು ಒಂದೇ, ಮಗನನ್ನು ನೋಡಬೇಕೆಂದು. ನಮ್ಮದು ಅಳಿಯಸಂತಾನದ ಮನೆ, ಅಮ್ಮನ ಅಣ್ಣನೇ ಯಜಮಾನ. ಅವರು ಹೂಂ ಎನ್ನದೆ ಬೆಳ್ತಂಗಡಿಗೆ ಹೋಗಿ ತಂತಿ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ.

"ಈಗಲೇ ಕರೆಸಿ ಅವನ ರಜೆ ಯಾಕೆ ಹಾಳು ಮಾಡುವುದು? ಬೊಂಬಾಯಿ ಅಂದ್ರೆ ಮೂರು ಗಂಟೆ ಮಾರಾಯ್ತಿ. ಬೇಕಾದಾಗ ನಾನು ವಿಮಾನದಲ್ಲಿ ಕರೆಸ್ತೇನೆ," ಎಂದರು ಮಾವ.

"ಅಣ್ಣಾ, ಅದು ಇಳಿಯುವುದು ಬಜ್ಪೆಯಲ್ಲಿ ಅಲ್ವಾ?" ಎಂದಳು ಅಮ್ಮ.

"ವಿಮಾನ ಕಾಣದವರು ನನಗೆ ದಾರಿ ಹೇಳುವುದು ಬೇಡ."

ಥೂ, ಅದೂ ಒಂದು ಯಜಮಾನಿಕೆ! ಆ ಮನುಷ್ಯನ ತಲೆಯಲ್ಲಿ ಬಜ್ಪೆಗೂ ನೆರಿಯಕ್ಕೂ ನಡುವೆ ನೆಲವೇ ಇರಲಿಲ್ಲ. ಮಂಗಳೂರಿಗೆ ಒಂದು ಬಸ್ಸು, ಅಲ್ಲಿಂದ ಬಂಟ್ವಾಳದ ಮೇಲಾಗಿ ಬೆಳ್ತಂಗಡಿಗೆ ಇನ್ನೊಂದು, ಮತ್ತೆ ಕೆಸರಿನಲ್ಲಿ ನಡಿಗೆ, ಕೊನೆಗೆ ನಮ್ಮ ಮನೆಯೆದುರಿನ ಹೊಳೆ. ಅದಕ್ಕೆ ಹಾಕಿದ ಮರದ ಸಂಕವನ್ನು ವರ್ಷವೂ ಆಟಿಯ ನೆರೆ ಕೊಚ್ಚಿಕೊಂಡು ಹೋಗುವುದು ಮನೆಯ ನಾಯಿಗೂ ಗೊತ್ತಿತ್ತು.

ಅಮ್ಮನಿಗೆ ಏದುಸಿರು ಶುರುವಾದ ಮೇಲೆ ತಂತಿ ಹೋಯಿತು. ಮರುದಿನದ ವಿಮಾನಕ್ಕೆ ಬರುತ್ತೇನೆಂದು ಅಣ್ಣನ ಉತ್ತರವೂ ಬಂತು. ಆ ದಿನ ಮಾವ ಚಾವಡಿಯ ಗಡಿಯಾರ ನೋಡಿ, "ಈಗ ಇಳಿದ," ಎಂದು ಸಾರಿ ನೆಮ್ಮದಿಯಿಂದ ಊಟಕ್ಕೆ ಕುಳಿತರು.

ಅಣ್ಣ ಹೊಳೆಯ ಆಚೆ ದಡಕ್ಕೆ ಮುಟ್ಟುವಾಗ ಮುಸ್ಸಂಜೆ. ನೀರಿನ ಅಬ್ಬರದಲ್ಲಿ ಅವನ ಕೂಗು ಕೇಳಲಿಲ್ಲ, ಕೊಡೆ ಬೀಸುವುದು ಮಾತ್ರ ಕಂಡಿತು.

"ಬಂದನಾ?" ಎಂದಳು ಅಮ್ಮ.

"ಬಂದ ಅಮ್ಮ. ಆಚೆ ದಡದಲ್ಲಿದ್ದಾನೆ," ಎಂದೆ.

ಅವಳು ಬಾಗಿಲಿನತ್ತ ಮುಖ ತಿರುಗಿಸಿ ಕಾದಳು. ಬೆಳಗ್ಗೆ ನೀರಿಳಿದು ಅವನು ದಾಟಿ ಬರುವಾಗ ಆ ಮುಖಕ್ಕೆ ನಾವು ಬಟ್ಟೆ ಹೊದೆಸಿಯಾಗಿತ್ತು.

ಉತ್ತರಕ್ರಿಯೆಯ ದಿನ ನೆಂಟರೆಲ್ಲ ಊಟಕ್ಕೆ ಕುಳಿತಿದ್ದರು, ನಾನು ಬಡಿಸುತ್ತಿದ್ದೆ. "ನಮ್ಮಿಂದ ಏನೂ ತಪ್ಪಾಗಲಿಲ್ಲ. ವಿಮಾನ ಹೊತ್ತಿಗೆ ಸರಿಯಾಗಿಯೇ ಇಳಿದಿತ್ತು," ಎಂದು ಮಾವ ಪಕ್ಕದವರಿಗೆ ಹೇಳಿದರು. ಮತ್ತೆ, ತಲೆ ಬೋಳಿಸಿಕೊಂಡು ಎದುರು ಕುಳಿತಿದ್ದ ಅಣ್ಣನತ್ತ ಬಾಗಿ ಕೇಳಿದರು:

"ಅಲ್ಲ ಮಾರಾಯ, ನಿನಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತ್ತಾ?"