ಕೆಂಚಮ್ಮನ ಗಂಡನ ಮುಖ

ರಿಯಾಜ್, ದುದ್ದದ ಮದುವೆಯ ವಿಡಿಯೊ ಹಾಳಾದದ್ದು ನಿನ್ನಿಂದಲ್ಲ, ನನ್ನಿಂದ. ಆ ಶುಕ್ರವಾರ ನೀನು ನಮಾಜಿಗೆ ಹೋಗಿದ್ದಾಗ ನೆಟ್ ಹೋಗಿರಲಿಲ್ಲ. ನೀನು ಸರ್ವರ್‌ಗೆ ಏರಿಸಲು ಹಾಕಿ ಹೋಗಿದ್ದ ಫೈಲನ್ನು ನಾನೇ ನಿಲ್ಲಿಸಿದೆ — ಗೊತ್ತಿದ್ದೂ ಗೊತ್ತಿದ್ದೂ, ಈ ಕೈಯಿಂದಲೇ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ.

ಮದ್ದೂರಿನಲ್ಲಿ ನಾವಿಬ್ಬರೂ ಸೇರಿ ಸ್ಟುಡಿಯೊ ಇಟ್ಟಿದ್ದೆವು. ಕ್ಯಾಮೆರಾ ನಿನ್ನದು, ಎಡಿಟಿಂಗು ನನ್ನದು. ಹೆಸರಿಗೆ ಮದುವೆಯ ಕೆಲಸವಾದರೂ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದವರಲ್ಲಿ ಸಾವಿನ ಮನೆಯವರೇ ಎಷ್ಟೋ ಜನ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಬರುತ್ತಿದ್ದರು. ತಿಥಿಗೆ ಫ್ಲೆಕ್ಸ್ ಆಗಬೇಕು, ಗೋಡೆಗೆ ಫೋಟೊ ಆಗಬೇಕು, ಸತ್ತವರದು ನೆಟ್ಟಗಿನ ಒಂದು ಪಟವಿಲ್ಲ. ಆಗ ಯಾವುದೋ ಹಳೆಯ ಮದುವೆಯ ವಿಡಿಯೊ ತೆಗೆದು, ಪಂಕ್ತಿಯಲ್ಲಿ ಕೂತವರ ನಡುವೆ, ಧಾರೆ ಹೊತ್ತಿನ ನೂಕುನುಗ್ಗಲಿನಲ್ಲಿ, ಆ ಮುಖ ಹುಡುಕಿ ಕತ್ತರಿಸಿ ಕೊಡುತ್ತಿದ್ದೆವು. ಅದಕ್ಕೇ ನೀನು ಒಂದು ಮದುವೆಯನ್ನೂ ಅಳಿಸಲು ಬಿಡುತ್ತಿರಲಿಲ್ಲ. "ಇವು ಬರೀ ಮದ್ವೆ ಅಲ್ಲ ಕಣ್ಲಾ, ಮುಂದಕ್ ಬೇಕಾಗೋ ಮೊಕಗಳು" ಎನ್ನುತ್ತಿದ್ದೆ. ಎಲ್ಲವೂ ಒಂದೇ ದೊಡ್ಡ ಹಾರ್ಡ್ ಡಿಸ್ಕಿನಲ್ಲಿದ್ದವು, ಅದನ್ನು ನೋಡಿಕೊಳ್ಳುತ್ತಿದ್ದವನು ನೀನು.

ನನಗೆ ಮೊದಲಿನಿಂದಲೂ ಅನುಮಾನದ ಕಾಯಿಲೆ. ಟೀ ಕುಡಿಯುವ ಮುಂಚೆ ಲೋಟದ ತಳ ನೋಡುವ ಜಾತಿಯವನು ನಾನು. ಹೆಂಡತಿ ತವರಿಗೆ ಫೋನ್ ಮಾಡಿ ದನಿ ತಗ್ಗಿಸಿದರೆ ನನ್ನ ಮೇಲೇ ಚಾಡಿ ಹೇಳುತ್ತಿದ್ದಾಳೆ ಎಂದುಕೊಳ್ಳುವವನು. ನಿನ್ನ ಮೇಲೆ ಮಾತ್ರ ಬಹಳ ಕಾಲ ಅನುಮಾನ ಬಂದಿರಲಿಲ್ಲ. ಒಂದು ದಿನ ಯಾರೋ ಬಂದು, ನೀನು ಭಾರತೀನಗರದ ಇನ್ನೊಂದು ಸ್ಟುಡಿಯೊದವನ ಜೊತೆ ಅಲ್ಲಿನ ಸಕ್ಕರೆ ಕಾರ್ಖಾನೆ ಮುಂದೆ ನಿಂತು ಮಾತಾಡುತ್ತಿದ್ದೆ ಎಂದರು. ಅಷ್ಟೇ ಸಾಕಾಯಿತು. ಆಮೇಲೆ ನೀನು ಕೆಮ್ಮಿದರೂ ನನಗೆ ಅದರಲ್ಲಿ ಅರ್ಥ ಕಾಣಿಸುತ್ತಿತ್ತು. ನಿನ್ನ ಹೆಸರು ಬೇರೆ ಆಗಿದ್ದರೆ ಅಷ್ಟು ಬೇಗ ನಂಬುತ್ತಿದ್ದೆನೋ ಇಲ್ಲವೋ — ಇದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಮತ್ತೆ ಸುಳ್ಳಾಗುತ್ತದೆ.

ಅದೇ ಹೊತ್ತಿಗೆ ಅಂಗಡಿಯ ನೆಟ್ ತೆವಳತೊಡಗಿತು. ನೀನು ಮೂಲೆಯ ಕಂಪ್ಯೂಟರ್ ಬಿಟ್ಟು ಏಳುತ್ತಿರಲಿಲ್ಲ. ನಾನು ಹಿಂದೆ ಬಂದು ನಿಂತರೆ ಬ್ರೌಸರಿನಲ್ಲಿ ಒಂದು ನೀಲಿ ಗೆರೆ ಬಸವನಹುಳುವಿನಂತೆ ಮುಂದೆ ಹೋಗುತ್ತಿರುವುದು ಕಾಣುತ್ತಿತ್ತು. ಆ ಪುಟ ನಾನು ಎಂದೂ ನೋಡಿದ್ದಲ್ಲ.

"ಏನ್ಲಾ ಅದು?"

"ಏನಿಲ್ಲ ಕಣ್ಲಾ, ಹಳೆ ಮದ್ವೆಗಳ್ನ ಒಸಿ ಮ್ಯಾಲಕ್ಕೆ ಕಳಿಸ್ತಾ ಇವ್ನಿ."

ಮೇಲಕ್ಕೆ ಎಂದರೆ ಎಲ್ಲಿಗೆ? ಯಾರಿಗೆ? ಕೇಳಬಹುದಿತ್ತು. ಕೇಳಿದರೆ ನೀನು ಹುಷಾರಾಗಿಬಿಡುತ್ತೀಯ ಎಂದು ಕೇಳಲಿಲ್ಲ. ನಮ್ಮ ಗಿರಾಕಿಗಳ ಮದುವೆಗಳನ್ನೆಲ್ಲ ಭಾರತೀನಗರದವನಿಗೆ ಸಾಗಿಸಿ, ಒಂದು ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಾನೆ — ಹೀಗೆಂದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಪಾಗಿತ್ತು.

ಆ ಶುಕ್ರವಾರ ನಮಾಜಿಗೆ ಹೊರಡುತ್ತಾ ನೀನು ಬಾಗಿಲಲ್ಲಿ ನಿಂತು ಹೇಳಿದೆ: "ಆ ಟ್ಯಾಬ್ ಒಂದ್ ಮುಟ್ಬ್ಯಾಡ ಕಣ್ಲಾ ಸಿದ್ದ. ದುದ್ದದ ಮದ್ವೆ, ಬಾರಿ ದೊಡ್ ಫೈಲು. ಮದ್ಯದಲ್ ಮುಚ್ಚುದ್ರೆ ಮೊದ್ಲಿಂದ ಸುರು ಮಾಡ್ಬೇಕಾಯ್ತದೆ. ಡಿಸ್ಕು ಬೇರೆ ಯಾಕೋ ಕರ್ ಕರ್ ಅಂತದೆ."

ಡಿಸ್ಕು ಸದ್ದು ಮಾಡುತ್ತಿದ್ದುದು ನನಗೂ ಕೇಳಿಸಿತ್ತು. ಆದರೂ ರಿಪೇರಿಯ ನೆಪದಲ್ಲಿ ಅದನ್ನು ಮನೆಗೆ ಒಯ್ಯಲು ಪೀಠಿಕೆ ಹಾಕುತ್ತಿದ್ದೀಯ ಎಂದುಕೊಂಡೆ. ನೀನು ತಿರುವು ದಾಟುವವರೆಗೆ ನೋಡಿದೆ. ಆಮೇಲೆ ನಿನ್ನ ಕುರ್ಚಿಯಲ್ಲಿ ಕೂತೆ. ನೀಲಿ ಗೆರೆ ತುದಿ ಮುಟ್ಟಲು ಇನ್ನು ಉಗುರಿನಷ್ಟು ಬಾಕಿ. ಮುಚ್ಚುವ ಗುರುತು ಒತ್ತಿದೆ. ಈ ಪುಟ ಬಿಟ್ಟು ಹೋಗುತ್ತೀರಾ, ಮಾಡಿದ ಕೆಲಸ ಉಳಿಯದಿರಬಹುದು ಎಂದು ಬ್ರೌಸರ್ ಒಂದು ಸಲ ಕೇಳಿತು. ಹೌದು ಎಂದು ಒತ್ತಿದೆ. ಒತ್ತಿದಾಗ ನನಗೆ ಖುಷಿಯಾಗಿತ್ತು ರಿಯಾಜ್. ಅದನ್ನೂ ಹೇಳಿಬಿಡುತ್ತೇನೆ.

ನೀನು ಬಂದು ಪರದೆ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡೆ. "ನೆಟ್ ಓಗ್ಬುಡ್ತು ಕಣ್ಲಾ, ನಾನೇನ್ ಮಾಡ್ಲಿ" ಎಂದೆ ನಾನು. ನೀನು ನಂಬಿದೆ. ಊಟವನ್ನೂ ಮಾಡದೆ ಮೊದಲಿನಿಂದ ಶುರು ಮಾಡಿದೆ. ಗೆರೆ ಅರ್ಧ ದಾಟುವ ಮೊದಲೇ ಡಿಸ್ಕು ನಿಂತುಹೋಯಿತು. ನೀನು ಅದನ್ನು ಮೈಸೂರಿಗೆ ಒಯ್ದು ತೋರಿಸಿದೆ, ಅವರು ಬಿಚ್ಚಿ ನೋಡಿ ಆಗುವುದಿಲ್ಲವೆಂದು ಕೈ ಅಲ್ಲಾಡಿಸಿಬಿಟ್ಟರು. ಹೋದರೆ ಹೋಗಲಿ, ನನಗೆ ಸಿಗದಿದ್ದರೂ ಉಳಿದದ್ದು ಭಾರತೀನಗರದವನಿಗೂ ಸಿಗಲಿಲ್ಲವಲ್ಲ ಎಂದುಕೊಂಡು ನಾನು ಆ ದಿನ ನೆಮ್ಮದಿಯಾಗಿ ಉಂಡೆ.

ಕೆಲವು ತಿಂಗಳ ಮೇಲೆ ದುದ್ದದಿಂದ ಕೆಂಚಮ್ಮ ಬಂದಳು. ಗಂಡ ತೀರಿಕೊಂಡಿದ್ದ. ಕ್ಯಾಮೆರಾ ಕಂಡರೆ ಎದ್ದು ಹೋಗುವ ಮನುಷ್ಯ ಅವನು, ಮಗಳ ಆ ದುದ್ದದ ಮದುವೆಯಲ್ಲಿ ಮಾತ್ರ ನಿನಗೆ ಸಿಕ್ಕಿಬಿದ್ದಿದ್ದ. ಮನೆಗೆ ಕೊಟ್ಟಿದ್ದ ಪೆನ್‌ಡ್ರೈವಿನಲ್ಲಿ ಮದುವೆಯನ್ನು ಅಳಿಸಿ, ಟ್ರ್ಯಾಕ್ಟರಿನಲ್ಲಿ ಕೇಳಲು ಹಾಡು ತುಂಬಿಸಿಕೊಂಡಿದ್ದರಂತೆ.

"ಆಧಾರ್ ಕಾರ್ಡಲ್ಲಿರೋದು ನನ್ ಗಂಡನ್ ಮೊಕವಾ ಮಗ? ಪೋಲೀಸ್ನೋರು ಇಡ್ಕಂಡ್ ಬಂದಂಗವ್ರೆ. ಮದ್ವೇಲಿ ನಕ್ಕಂಡಿದ್ರು ಕಣಪ್ಪ. ಅದ್ನ ಕೊಡು ಸಾಕು."

ನೀನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಡಿಸ್ಕ್ ನೋಡ್ಕತಿದ್ದೋನು ಇವ್ನು ಕಣವ್ವ. ಇವ್ನ್ ಕೈಲೇ ಹಾಳಾಗಿದ್ದು."

ಕೆಂಚಮ್ಮ ನಿನ್ನ ಕಡೆ ತಿರುಗಿ, "ನನ್ ಗಂಡನ್ ಮೊಕ ಕಳ್ದ್ಯಲ್ಲೋ. ನಿನ್ನೋರ್ ಮೊಕ ನಿಂಗೂ ಕಾಣ್ದಂಗಾಗ್ಲಿ" ಅಂದಳು. ನೀನು ತಲೆ ತಗ್ಗಿಸಿ, "ತಪ್ಪಾಯ್ತು ಕಣವ್ವಾ, ಅವತ್ತು ನಾನು ಕೂತಿದ್ದು ನೋಡ್ಬೇಕಿತ್ತು" ಎಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲಾದರೂ —

ಅವಳು ಬರಿಗೈಲಿ ಹೋದಳು. ತಿಥಿಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ ಹಾಕಿದರೆಂದು ಕೇಳಿದೆ.

ಆಮೇಲೆ ನೀನು ಅಂಗಡಿಯಲ್ಲಿ ಹೆಚ್ಚು ದಿನ ಇರಲಿಲ್ಲ. ಮಳವಳ್ಳಿಗೆ ಹೋಗುತ್ತೇನೆ, ಅಲ್ಲೇ ಏನಾದರೂ ನೋಡಿಕೊಳ್ಳುತ್ತೇನೆ ಎಂದೆ. ಬೀಗದ ಕೈ ಮೇಜಿನ ಮೇಲಿಟ್ಟು, "ಸರ್ವರ್ ಪಾಸ್‌ವರ್ಡು ನಮ್ ಅಂಗ್ಡಿ ಫೋನ್ ನಂಬ್ರೇ ಕಣ್ಲಾ. ತಗ್ದು ನೋಡು" ಎಂದೆ. ಅದರಲ್ಲೂ ಏನೋ ಮಸಲತ್ತಿದೆ ಎಂದು ನಾನು ಬಹಳ ದಿನ ತೆರೆಯಲಿಲ್ಲ. ಭಾರತೀನಗರದಲ್ಲಿ ನೀನು ಸ್ಟುಡಿಯೊ ತೆರೆಯುವುದನ್ನೇ ಕಾಯುತ್ತಿದ್ದೆ. ನೀನು ತೆರೆಯಲಿಲ್ಲ. ಮಳವಳ್ಳಿಯಲ್ಲಿ ಪಾಸ್‌ಪೋರ್ಟ್ ಫೋಟೊ, ಜೆರಾಕ್ಸ್ ಹಾಕಿಕೊಂಡಿದ್ದೀಯ ಎಂದು ತಿಳಿಯಿತು. ಆಗ ಸರ್ವರ್ ತೆರೆದೆ.

ಪುಟದ ಮೇಲೆ ನಮ್ಮ ಸ್ಟುಡಿಯೊದ ಹೆಸರಿತ್ತು. ಅದರ ಕೆಳಗೆ ನಾವು ತೆಗೆದ ಮದುವೆಗಳು ಊರ ಹೆಸರಿನಲ್ಲಿ ಒಂದೊಂದಾಗಿ ಕೂತಿದ್ದವು. ಡಿಸ್ಕು ಸಾಯುತ್ತಿದೆ ಎಂದು ಗೊತ್ತಾಗಿ, ಇದ್ದಷ್ಟನ್ನೂ ಉಳಿಸಲು ಹೊರಟಿದ್ದೆ ನೀನು. ಎಲ್ಲಕ್ಕಿಂತ ಮೊದಲು ಏರಿಸಿದ್ದು ಯಾವುದು ಗೊತ್ತೇ — ನಿನಗೆ ಗೊತ್ತೇ ಇರುತ್ತದೆ. ನನ್ನ ತಂಗಿಯ ಮದುವೆ. ಅದರಲ್ಲಿ, ಈಗಿಲ್ಲದ ನಮ್ಮಪ್ಪ ಇದ್ದಾರೆ. ಬೀಗರಿಗೆ ಬಡಿಸುತ್ತಾ, ನಿನ್ನ ಕಡೆ ತಿರುಗಿ, "ನೀನೂ ಉಣ್ಲಾ ರಿಯಾಜ, ಕ್ಯಾಮ್ರಾನ ಆಮೇಲ್ ಇಡ್ಕೊ" ಎಂದು ಬೈಯುತ್ತಿದ್ದಾರೆ. ಡಿಸ್ಕಿನ ಜೊತೆ ಅದೂ ಹೋಯಿತೆಂದು ನಾನು ಅಂದುಕೊಂಡಿದ್ದೆ. ನಿನ್ನ ಮೇಲಿನ ಸಿಟ್ಟಿಗೆ ಅದೂ ಒಂದು ಕಾರಣವಾಗಿತ್ತು.

ಅಂದೇ ನಿನಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಅಪ್ಪನನ್ನು ನೋಡುತ್ತಾ ಕೂತೆ. ಆಮೇಲೂ ಎಷ್ಟೋ ಸಲ ನೋಡಿದ್ದೇನೆ. ಅಪ್ಪನ ಮುಖ ನೀನು ಉಳಿಸಿಕೊಟ್ಟೆ, ಕೆಂಚಮ್ಮನ ಗಂಡನ ಮುಖ ನಾನು ಕಳೆದೆ, ಬೈಗುಳ ನೀನು ತಿಂದೆ. ಇದಿಷ್ಟೂ ತಿಳಿದಿದ್ದು ನನಗೊಬ್ಬನಿಗೇ, ತಿಳಿದೂ ವರ್ಷಗಟ್ಟಲೆ ಅಂಗಡಿ ತೆರೆದು ಮುಚ್ಚುತ್ತಾ ಇದ್ದೆ.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಮಳವಳ್ಳಿಗೆ ಬರುತ್ತೇನೆ, ನಿನ್ನೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಅದಕ್ಕೂ ಮೊದಲು ದುದ್ದಕ್ಕೆ ಹೋಗಬೇಕು. ಕೆಂಚಮ್ಮ ಇನ್ನೂ ಇದ್ದಾಳೆ, ವಿಚಾರಿಸಿದ್ದೇನೆ. ಅವಳು ಅಂದ ಮಾತು ತಪ್ಪು ಮನುಷ್ಯನಿಗೆ ಹೋಗಿದೆ. ಅದನ್ನು ನನ್ನ ಮುಖ ನೋಡಿಕೊಂಡು ಅವಳು ಇನ್ನೊಂದು ಸಲ ಅನ್ನಲಿ.