ಸೆರ್ಗೇಯ್ ಹಿಂದಿರುಗಿಸಿದ ಗುಲಾಬಿ

ಗಾಂಧಿ ಬಜಾರಿನ ಹೂವಿನ ಸೆಲ್ವಿ ಇವತ್ತು ಬೆಳಿಗ್ಗೆ ನಾನು ಕೇಳದೆಯೇ ಎರಡು ಗುಲಾಬಿಗಳನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿದಳು. "ಒಂಟಿ ಹೂ ಯಾಕಕ್ಕಾ, ಜೋಡಿ ಇರ್ಲಿ" ಅಂದಳು. ಇವರು ಹೋಗಿ ಎರಡು ವರ್ಷವಾಯಿತು. ಪ್ರತಿ ಶುಕ್ರವಾರ ಇವರ ಫೋಟೊಗೆ ನಾನು ಒಯ್ಯುವುದು ಒಂದೇ ಗುಲಾಬಿ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಭದ್ರಾವತಿಯ ನಮ್ಮ ಹಳೆಯ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಬೇಕು.

ಆಗ ಇವರು ಅಲ್ಲಿನ ಒಂದು ಉಕ್ಕಿನ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದರು. ರಷ್ಯಾ ಎಂದರೆ ನಮಗೆಲ್ಲ ಹಳೆಯ ನೆಂಟರ ಮನೆಯಿದ್ದ ಹಾಗೆ. ಶಾಲೆಯಲ್ಲಿ ನನ್ನ ನೋಟ್‌ಬುಕ್ಕುಗಳಿಗೆ ಬೈಂಡ್ ಹಾಕುತ್ತಿದ್ದದ್ದೇ ಅಲ್ಲಿಂದ ಬರುತ್ತಿದ್ದ ಪತ್ರಿಕೆಗಳ ನುಣುಪು ಕಾಗದದಲ್ಲಿ. ಆ ದೇಶ ಒಡೆದ ಮೇಲೆ ನಮ್ಮ ಸೈನ್ಯದ ಟ್ಯಾಂಕುಗಳಿಗೆ ಬಿಡಿಭಾಗಗಳು ಸರಿಯಾಗಿ ಬರುತ್ತಿರಲಿಲ್ಲ. ಅವನ್ನು ಇಲ್ಲೇ ಮಾಡುವುದು, ಅವರ ನಕ್ಷೆ, ನಮ್ಮ ಉಕ್ಕು ಎಂದು ಮಾತಾಗಿ, ಇವರು ಮೂರು ವರ್ಷ ಆ ಉಕ್ಕಿನ ಹಿಂದೆ ಬಿದ್ದಿದ್ದರು. ಅದನ್ನು ನೋಡಿ ಒಪ್ಪಬೇಕಾಗಿದ್ದ ಸೆರ್ಗೇಯ್ ಎಂಬ ಎಂಜಿನಿಯರು ನಮ್ಮ ಮನೆಗೆ ಊಟಕ್ಕೆ ಬಂದರು.

ಕಾನ್ವೆಂಟಿನಲ್ಲಿ ಓದಿದವಳೆಂದು ಉಪಚಾರದ ಮಾತು ನನ್ನ ಪಾಲಿಗೆ ಬಂದಿತ್ತು. ಒಗ್ಗರಣೆ ಹಾಕುತ್ತಲೇ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೆ. ಆ ಪುಣ್ಯಾತ್ಮನಿಗೆ ಇಂಗ್ಲಿಷೇ ಬಾರದು! ನನ್ನ ಒಂದು ವಾಕ್ಯವನ್ನು ದುಭಾಷಿ ಹುಡುಗಿ ಮೂರು ಮಾಡಿ ಹೇಳುತ್ತಿದ್ದಳು. ಆತ ಮಾತ್ರ ಹೋಳಿಗೆಯನ್ನು ಚಮಚದಲ್ಲಿ ಕತ್ತರಿಸಿ, ಕಣ್ಣು ಮುಚ್ಚಿಕೊಂಡು ತಿಂದರು.

ಹೊರಡುವಾಗ ಅವರ ಹೆಂಡತಿಗೆಂದು ತಾಂಬೂಲ ಕೊಟ್ಟೆ. ವೀಳ್ಯದೆಲೆ ಎರಡು, ಬಾಳೆಹಣ್ಣು ಎರಡು, ನಮ್ಮ ಕುಂಡದ ಗುಲಾಬಿಯೂ ಎರಡು, ಒಂಟಿಯಾಗಿ ಕೊಡುವುದುಂಟೆ? ಹೂವು ರಷ್ಯಾ ಮುಟ್ಟುವಷ್ಟರಲ್ಲಿ ಏನಾಗುತ್ತದೆಂದು ಯೋಚಿಸಲೇ ಇಲ್ಲ ನೋಡಿ. ಆತ ತಟ್ಟೆ ನೋಡಿ ಸಪ್ಪಗಾದರು. ದುಭಾಷಿ ಆಗಲೇ ಜೀಪಿನಲ್ಲಿ ಕೂತಿದ್ದಳು. ಆತ ಒಂದು ಗುಲಾಬಿಯನ್ನು ಎತ್ತಿ ನನ್ನ ಕೈಗೇ ಇಟ್ಟು, ಜೀಪು ಹತ್ತಿದರು.

ಇವರು ಹಜಾರದಲ್ಲಿ ಅತ್ತಿಂದಿತ್ತ ಓಡಾಡಿದರು. "ಏನ್ ಮಾರಾಯ್ತಿ, ಮೂರು ವರ್ಷದ ಕೆಲ್ಸಾನ ಒಂದು ಹೂವಲ್ಲಿ ಮುಗಿಸಿಬಿಟ್ಯಲ್ಲೇ" ಅಂದರು. ನಗಲೆಂದು ಹೇಳಿದ್ದು; ನಗು ಇಬ್ಬರಿಗೂ ಬರಲಿಲ್ಲ.

ಮಾರನೆಯ ಸಂಜೆ ಇವರು ಗೇಟಿನಿಂದಲೇ ನಗುತ್ತ ಬಂದರು. ಉಕ್ಕು ಪಾಸಾಗಿತ್ತು. ಹೂವಿನ ವಿಷಯ ದುಭಾಷಿ ಬಿಡಿಸಿ ಹೇಳಿದ್ದಳಂತೆ: ಅವರಲ್ಲಿ ಎರಡು, ನಾಲ್ಕು ಎಂದು ಸರಿಸಂಖ್ಯೆಯಲ್ಲಿ ಹೂವಿಡುವುದು ಸತ್ತವರಿಗೆ. ಹೆಂಡತಿಗೆ ಎರಡು ಒಯ್ಯಲು ಆತನಿಗೆ ಮನಸ್ಸು ಒಪ್ಪಲಿಲ್ಲ, ಬೇಡ ಅನ್ನಲು ಬಾಯಿ ಬರಲಿಲ್ಲ. ಇವರ ಜೇಬಿನಲ್ಲಿ ಬಾಡಿದ ಒಂದು ಗುಲಾಬಿಯಿತ್ತು. "ತಗೋ. ಬದುಕಿರೋರಿಗೆ ಒಂದೇ ಕಣೇ" ಅಂದರು. ಅಂದಿನಿಂದ ಶುಕ್ರವಾರ ತಪ್ಪದೆ ಒಂದೇ ತಂದರು, ನಿವೃತ್ತರಾಗಿ ಈ ಊರಿನ ಹೊಸಮನೆ ಬಡಾವಣೆಗೆ ಬಂದ ಮೇಲೂ.

ಸೆಲ್ವಿ ಪೊಟ್ಟಣ ಚಾಚಿಕೊಂಡೇ ಇದ್ದಳು. ಒಂದನ್ನು ತೆಗೆದಿಡಲು ಹೋದ ಕೈ ನಿಂತಿತು. ಇಷ್ಟು ದಿನ ಒಂದೊಂದೇ ಹೂವಿಟ್ಟು, ಇವರಿನ್ನೂ ಇದ್ದಾರೆಂದು ನಾನು ಯಾರನ್ನು ನಂಬಿಸುತ್ತಿದ್ದೆ?

"ಇನ್ನೊಂದು ಹಾಕಮ್ಮ" ಅಂದೆ.

ಮನೆಗೆ ಬಂದು ಎರಡನ್ನು ಫೋಟೊದ ಮುಂದಿಟ್ಟೆ. ಮೂರನೆಯದನ್ನು, ಎರಡು ವರ್ಷದ ಮೇಲೆ, ಕನ್ನಡಿ ನೋಡಿಕೊಂಡು ಮುಡಿದೆ.